ಸಾರ್ಟೆಕ್ಸ್ ಗಾಳಿಯಲ್ಲಿ ಎಣ್ಣೆ ಎಷ್ಟಿರಬಹುದು? ಮಿಲ್ಲು, ವರ್ಕ್‌ಶಾಪಿನವರಿಗೆ ಹಂತ ಹಂತದ ಮಾರ್ಗದರ್ಶಿ

ಭದ್ರಾ ನಾಲೆ ಬಯಲಿನ ಭತ್ತ ಅಕ್ಕಿಯಾಗಿ ಮೂಟೆ ಸೇರುವ ಮುಂಚೆ ಸಾರ್ಟೆಕ್ಸ್ ಯಂತ್ರವನ್ನು ದಾಟುತ್ತದೆ. ಕ್ಯಾಮೆರಾ ಕಪ್ಪು ಕಾಳನ್ನು ಗುರುತು ಹಿಡಿಯುತ್ತದೆ. ತಕ್ಷಣ ನಾಜಲ್‌ನಿಂದ ಗಾಳಿ ಚಿಮ್ಮಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಚಳ್ಳಕೆರೆ ಕಡೆ ಶೇಂಗಾ ಬೀಜ ಆರಿಸುವಾಗಲೂ ಇದೇ ಕೆಲಸ. ಹರಿಹರದ ವರ್ಕ್‌ಶಾಪಿನಲ್ಲಿ ಅದೇ ಗಾಳಿ ಪೇಂಟ್ ಗನ್ನಿಗೆ ಹೋಗುತ್ತದೆ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಕ್ಕೂ ಹೋಗುತ್ತದೆ.

ಕಂಪ್ರೆಸರ್ ಕೊಳ್ಳುವಾಗ ನಾವೆಲ್ಲ ಎರಡೇ ಪ್ರಶ್ನೆ ಕೇಳುತ್ತೇವೆ. ಪ್ರೆಷರ್ ಎಷ್ಟು, ಸಿಎಫ್‌ಎಂ (ನಿಮಿಷಕ್ಕೆ ಬರುವ ಗಾಳಿ, ಘನ ಅಡಿಯಲ್ಲಿ) ಎಷ್ಟು? ಆ ಗಾಳಿಯಲ್ಲಿ ಎಣ್ಣೆ ಎಷ್ಟಿದೆ ಎಂದು ಕೇಳುವವರು ಬಹಳ ಕಡಿಮೆ. ಆಮೇಲೆ ನಾಜಲ್ ಅಂಟುತ್ತದೆ, ಒಳ್ಳೆಯ ಅಕ್ಕಿಯೂ ಕಪ್ಪಕ್ಕಿಯ ಜೊತೆ ಹೊರಗೆ ಬೀಳುತ್ತದೆ. ಪೇಂಟಿನಲ್ಲಿ ಸಣ್ಣ ಸಣ್ಣ ಗುಳಿ ಏಳುತ್ತವೆ. ಊಟಕ್ಕೆ ಹೋಗುವ ಕಾಳಿನ ಮೇಲೆ ಕಂಪ್ರೆಸರ್ ಎಣ್ಣೆ ಬೀಳುವುದು ಇವೆಲ್ಲಕ್ಕಿಂತ ದೊಡ್ಡ ವಿಷಯ ಅಲ್ವಾ? ತಿನ್ನುವವರಿಗೆ ಅದು ಗೊತ್ತೇ ಆಗುವುದಿಲ್ಲ. ಹಾಗಾಗಿ ಅದನ್ನು ತಡೆಯುವ ಹೊಣೆ ಪೂರ್ತಿ ಮಿಲ್ಲಿನವರದು.

ಮೊದಲು ಅಳತೆ ತಿಳಿದುಕೊಳ್ಳಿ

ಕಂಪ್ರೆಸ್ ಮಾಡಿದ ಗಾಳಿಯ ಶುದ್ಧತೆಗೆ ಲೋಕವೆಲ್ಲ ಬಳಸುವ ಮಾನದಂಡ ಐಎಸ್‌ಒ 8573-1. ಮೊದಲು ಬಂದದ್ದು 1991ರಲ್ಲಿ. 2001ರಲ್ಲಿ ಒಮ್ಮೆ, 2010ರಲ್ಲಿ ಇನ್ನೊಮ್ಮೆ ತಿದ್ದಿದರು. ಅದು ಗಾಳಿಯ ಕೊಳೆಯನ್ನು ಮೂರು ಭಾಗ ಮಾಡುತ್ತದೆ: ಧೂಳು, ನೀರು, ಎಣ್ಣೆ. ಪ್ರತಿಯೊಂದಕ್ಕೂ ಒಂದು ಕ್ಲಾಸ್ ನಂಬರ್. ನಂಬರ್ ಚಿಕ್ಕದಾದಷ್ಟೂ ಗಾಳಿ ಶುದ್ಧ. ಮೂರನ್ನೂ ಇದೇ ಕ್ರಮದಲ್ಲಿ 2:4:1 ಎಂಬ ಹಾಗೆ ಬರೆಯುತ್ತಾರೆ. ಕೊನೆಯ ನಂಬರ್ ಎಣ್ಣೆಯದು.

ಎಣ್ಣೆಯ ಮಿತಿಗಳು ಹೀಗಿವೆ. ಒಂದು ಘನ ಮೀಟರ್ ಗಾಳಿಯಲ್ಲಿ 0.01 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಎಣ್ಣೆ ಇದ್ದರೆ ಕ್ಲಾಸ್ 1. 0.1 ಮಿಲಿಗ್ರಾಂ ತನಕ ಕ್ಲಾಸ್ 2. 1 ಮಿಲಿಗ್ರಾಂ ತನಕ ಕ್ಲಾಸ್ 3. 5 ಮಿಲಿಗ್ರಾಂ ತನಕ ಕ್ಲಾಸ್ 4. ಅದನ್ನೂ ಮೀರಿದರೆ ಕ್ಲಾಸ್ ಎಕ್ಸ್.

ಇಲ್ಲಿ ಎರಡು ವಿಷಯ ಗಮನದಲ್ಲಿರಲಿ. ಒಂದು, ಈ ಘನ ಮೀಟರ್ ಎಂದರೆ ಟ್ಯಾಂಕಿನಲ್ಲಿ ಒತ್ತಿ ತುಂಬಿದ ಗಾಳಿಯ ಅಳತೆಯಲ್ಲ. 20 ಡಿಗ್ರಿ ಉಷ್ಣ, 1 ಬಾರ್ ಒತ್ತಡದಲ್ಲಿ ಬಿಡಿಯಾಗಿರುವ ಒಣ ಗಾಳಿಯ ಅಳತೆ. ಗೇಜ್ 7 ಬಾರ್ ತೋರಿಸುತ್ತಿದ್ದರೆ ಟ್ಯಾಂಕಿನ ಒಂದು ಘನ ಮೀಟರಿನಲ್ಲಿ ಅಂಥ ಸುಮಾರು 8 ಘನ ಮೀಟರ್ ಗಾಳಿ ಅಡಗಿರುತ್ತದೆ. ಎರಡು, ಎಣ್ಣೆ ಎಂದರೆ ಒಟ್ಟು ಎಣ್ಣೆ. ಪೈಪಿನ ಗೋಡೆಗೆ ಅಂಟಿ ಹರಿಯುವ ದ್ರವ, ಗಾಳಿಯಲ್ಲಿ ತೇಲುವ ಮಂಜಿನಂಥ ಹನಿ, ಕಣ್ಣಿಗೆ ಕಾಣದ ಆವಿ, ಮೂರೂ ಸೇರಿ. ಆವಿಯನ್ನು ಲೆಕ್ಕಕ್ಕೆ ಹಿಡಿಯದೆ ಕ್ಲಾಸ್ 1 ಅನ್ನುವ ಹಾಗಿಲ್ಲ. ಈ ಆವಿಯ ಮಾತಿಗೆ ಮುಂದೆ ಮತ್ತೆ ಬರುತ್ತೇನೆ. ನಮ್ಮ ಕಡೆಯ ಬಿಸಿಲಿಗೆ ಅದೇ ದೊಡ್ಡ ತೊಂದರೆ.

ಕೆಲವು ಕಾಗದಗಳಲ್ಲಿ ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಎಷ್ಟು ಭಾಗ) ಎಂದು ಇರುತ್ತದೆ. ತೂಕದ ಲೆಕ್ಕದಲ್ಲಿ 1 ಪಿಪಿಎಂ ಎಂದರೆ ಘನ ಮೀಟರಿಗೆ ಸುಮಾರು 1.2 ಮಿಲಿಗ್ರಾಂ.

ಈ ಮಿಲಿಗ್ರಾಂ ಲೆಕ್ಕ ಬಹಳ ಸಣ್ಣದು ಅನಿಸುತ್ತದೆ. ಕೂಡಿಸಿ ನೋಡಿ. ನಿಮಿಷಕ್ಕೆ 1 ಘನ ಮೀಟರ್, ಅಂದರೆ 35 ಸಿಎಫ್‌ಎಂ ಗಾಳಿ ಬಳಸುತ್ತೀರಿ ಎಂದಿಟ್ಟುಕೊಳ್ಳಿ. ಸುಮಾರು 10 ಎಚ್‌ಪಿಯ ಸ್ಕ್ರೂ ಕಂಪ್ರೆಸರ್ (ತಿರುಗುವ ಎರಡು ಸ್ಕ್ರೂಗಳ ನಡುವೆ ಗಾಳಿಯನ್ನು ಒತ್ತುವ ಯಂತ್ರ) ಕೊಡುವಷ್ಟು. ಸುಸ್ಥಿತಿಯಲ್ಲಿರುವ ಸ್ಕ್ರೂ ಯಂತ್ರವೂ ಘನ ಮೀಟರಿಗೆ 3 ಮಿಲಿಗ್ರಾಂ ಆಸುಪಾಸು ಎಣ್ಣೆ ಬಿಡುತ್ತದೆ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ಓಡಿಸಿದರೆ 430 ಗ್ರಾಂ ದಾಟುತ್ತದೆ. ಹತ್ತಿರ ಹತ್ತಿರ ಅರ್ಧ ಲೀಟರ್ ಎಣ್ಣೆ. ಫಿಲ್ಟರ್ ಇಲ್ಲದಿದ್ದರೆ ಅಷ್ಟೂ ಪೈಪು, ನಾಜಲ್, ಅಕ್ಕಿಯ ಪಾಲು. ಅದೇ ಗಾಳಿ ಕ್ಲಾಸ್ 1 ಆಗಿದ್ದರೆ ವರ್ಷಕ್ಕೆ ಒಂದೂವರೆ ಗ್ರಾಂ ಕೂಡ ಆಗುವುದಿಲ್ಲ.

ಹಂತ 1: ಗಾಳಿ ಏನನ್ನು ಮುಟ್ಟುತ್ತದೆ ಎಂದು ಬರೆಯಿರಿ

ಕಂಪ್ರೆಸರ್ ಕಡೆಯಿಂದ ಶುರು ಮಾಡಬೇಡಿ. ಗಾಳಿ ಹೊರಗೆ ಬರುವ ತುದಿಯಿಂದ ಶುರು ಮಾಡಿ. ಒಂದು ಹಾಳೆ ತೆಗೆದುಕೊಂಡು ಶೆಡ್ ಪೂರ್ತಿ ಒಂದು ಸುತ್ತು ಹಾಕಿ. ಗಾಳಿ ಎಲ್ಲೆಲ್ಲಿ ಹೊರಬರುತ್ತದೆ, ಏನನ್ನು ಮುಟ್ಟುತ್ತದೆ ಎಂದು ಬರೆದುಕೊಳ್ಳಿ.

ಅಕ್ಕಿ, ಶೇಂಗಾ, ಮೆಕ್ಕೆಜೋಳ, ಮಂಡಕ್ಕಿ ಯಾವುದೇ ಇರಲಿ, ಗಾಳಿ ನೇರವಾಗಿ ಮುಟ್ಟಿದರೆ ಎಣ್ಣೆಗೆ ಕ್ಲಾಸ್ 1 ಇಟ್ಟುಕೊಳ್ಳಿ. ಪ್ಯಾಕೆಟ್ ಬಾಯಿ ತೆರೆಯಲು ಊದುವ ಗಾಳಿಯೂ ಇದೇ ಲೆಕ್ಕ. ನೀರಿನ ಬಾಟಲಿ ಊದುವ ಯಂತ್ರವೂ ಇದೇ ಲೆಕ್ಕ, ಯಾಕೆಂದರೆ ಗಾಳಿ ಬಾಟಲಿಯ ಒಳಮೈಯನ್ನು ಮುಟ್ಟುತ್ತದೆ. ಬ್ರಿಟನ್ನಿನ ಕಂಪ್ರೆಸ್ಡ್ ಏರ್ ಸೊಸೈಟಿ ಆಹಾರವನ್ನು ನೇರವಾಗಿ ಮುಟ್ಟುವ ಗಾಳಿಗೆ 2:2:1 ಎಂದು ಸಲಹೆ ಕೊಟ್ಟಿದೆ. ರಫ್ತು ಮಾಡುವವರ ಆಡಿಟ್‌ನಲ್ಲಿ ಈ ನಂಬರ್ ಕಾಣಿಸಿಕೊಳ್ಳಬಹುದು.

ಸ್ಪ್ರೇ ಪೇಂಟ್, ಪೌಡರ್ ಕೋಟಿಂಗ್‌ಗೂ ಕ್ಲಾಸ್ 1 ಬೇಕು. ಸಿಎನ್‌ಸಿ ಯಂತ್ರದ ಸಿಲಿಂಡರ್, ಚಕ್ ಇವಕ್ಕೆ ಸಾಮಾನ್ಯವಾಗಿ ಕ್ಲಾಸ್ 3 ಸಾಕಾಗುತ್ತದೆ. ಟೈರಿಗೆ ಗಾಳಿ, ನೆಲದ ಧೂಳು ಊದುವುದು, ಇವಕ್ಕೆ ದುಬಾರಿ ಫಿಲ್ಟರ್ ಹಾಕುವುದು ಸುಮ್ನೆ ಖರ್ಚು. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಬೇರೆ ನಂಬರ್ ಇದ್ದರೆ ಅದನ್ನೇ ಪಾಲಿಸಿ. ಗ್ಯಾರಂಟಿ ನಿಂತಿರುವುದು ಅದರ ಮೇಲೆ.

ಬಹಳ ಜನ ಇಡೀ ಮಿಲ್ಲಿಗೆ ಒಂದೇ ದೊಡ್ಡ ಫಿಲ್ಟರ್ ಹಾಕಿಸಲು ಹೊರಡುತ್ತಾರೆ. ನನ್ನ ಪ್ರಕಾರ ಅದು ಬೇಡ. ಮುಖ್ಯ ಲೈನಿಗೆ ಸಾಧಾರಣ ಶುದ್ಧಿ ಇರಲಿ. ಸಾರ್ಟೆಕ್ಸ್, ಪೇಂಟ್ ಬೂತ್ ಇರುವ ಕಡೆ ಮಾತ್ರ ಕೊನೆಯ ಶುದ್ಧಿ ಕೊಡಿ. ಫಿಲ್ಟರ್ ಚಿಕ್ಕದಾಗುತ್ತದೆ, ಎಲಿಮೆಂಟ್ (ಫಿಲ್ಟರ್ ಒಳಗೆ ಆಗಾಗ ಬದಲಿಸುವ ಭಾಗ) ಖರ್ಚು ಇಳಿಯುತ್ತದೆ, ಹಳೆ ಪೈಪಿನ ಕೊಳೆಯೂ ಅಲ್ಲೇ ನಿಲ್ಲುತ್ತದೆ.

ಹಂತ 2: ಮೂರು ನಂಬರ್ ಗೊತ್ತು ಮಾಡಿ

ಎಣ್ಣೆಯದು ಆಯಿತು. ನೀರಿನ ನಂಬರ್ ಎಷ್ಟಿರಬೇಕು? ಕ್ಲಾಸ್ 4 ಎಂದರೆ ಒತ್ತಡದಲ್ಲಿರುವ ಗಾಳಿ 3 ಡಿಗ್ರಿಗೆ ತಣ್ಣಗಾಗುವ ತನಕ ನೀರು ಬಿಡುವುದಿಲ್ಲ. ಸಾಮಾನ್ಯ ಫ್ರಿಜ್ ಮಾದರಿಯ ಡ್ರೈಯರ್ ಇಷ್ಟು ಕೊಡುತ್ತದೆ. ದಾವಣಗೆರೆಯ ಚಳಿಗಾಲದಲ್ಲೂ ಪೈಪ್ 3 ಡಿಗ್ರಿಗೆ ಇಳಿಯುವುದಿಲ್ಲ. ಹಾಗಾಗಿ ಒಣ ಕಾಳು ಆರಿಸುವ ಮಿಲ್ಲಿಗೆ 4 ಸಾಕು. ಕ್ಲಾಸ್ 2 ಎಂದರೆ ಮೈನಸ್ 40 ಡಿಗ್ರಿ. ಅದಕ್ಕೆ ತೇವ ಹೀರುವ ಹರಳು ತುಂಬಿದ ಡ್ರೈಯರ್ ಬೇಕು. ಕರೆಂಟ್ ಮತ್ತು ಗಾಳಿ ಎರಡೂ ಜಾಸ್ತಿ ಖರ್ಚಾಗುತ್ತವೆ. ಕೊಳ್ಳುವವರು 2:2:1 ಎಂದು ಬರೆದು ಕೇಳಿದರೆ, ಅಥವಾ ಗಾಳಿ ಹಸಿ ಆಹಾರ ಮುಟ್ಟುತ್ತಿದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ಧೂಳಿಗೆ ಕ್ಲಾಸ್ 2 ಇರಲಿ. ಒಳ್ಳೆಯ ಎಣ್ಣೆ ಫಿಲ್ಟರ್ ಹಾಕಿದರೆ ಧೂಳೂ ಅದರಲ್ಲೇ ನಿಲ್ಲುತ್ತದೆ. ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಲ್ಲಿಗೆ ಸಾರ್ಟೆಕ್ಸ್‌ಗೆ 2:4:1 ಎಂದು ಗೋಡೆಯ ಮೇಲೆ ಬರೆದು ಹಾಕಿ. ಮುಂದಿನ ಎಲ್ಲ ಕೆಲಸಕ್ಕೂ ಗುರಿ ಅದೇ.

ಕ್ಲಾಸ್ 0 ಎಂಬುದೂ ಒಂದಿದೆ. "ಸಾರ್, ಆಯಿಲ್ ಫ್ರೀ ಯಂತ್ರ, ಕ್ಲಾಸ್ 0, ಎಣ್ಣೆ ಸೊನ್ನೆ" ಎಂದು ಮಾರುವವರು ಹೇಳಿದರೆ ಒಂದು ನಿಮಿಷ ನಿಲ್ಲಿ. ಕ್ಲಾಸ್ 0 ಎಂದರೆ ಸೊನ್ನೆಯಲ್ಲ. ಕ್ಲಾಸ್ 1ಕ್ಕಿಂತ ಬಿಗಿಯಾದ ಒಂದು ಮಿತಿಯನ್ನು ಕೊಳ್ಳುವವರು ಮತ್ತು ಮಾರುವವರು ಕೂಡಿ ಬರೆದುಕೊಂಡಿರಬೇಕು. ಆ ಮಿತಿ ಅಳೆಯಲು ಬರುವಂಥದ್ದಾಗಿರಬೇಕು. ನಂಬರ್ ಬರೆಯದ ಕ್ಲಾಸ್ 0ಗೆ ಅರ್ಥವಿಲ್ಲ. ಇನ್ನೂ ಒಂದು ವಿಷಯ. ಎಣ್ಣೆ ಹಾಕದ ಕಂಪ್ರೆಸರ್ ಕೂಡ ಹೊರಗಿನ ಗಾಳಿಯನ್ನೇ ಎಳೆಯುತ್ತದೆ. ಅಂಗಳದಲ್ಲಿ ಲಾರಿ ಎಂಜಿನ್ ಓಡಿಸಿಕೊಂಡೇ ನಿಂತಿದ್ದರೆ, ಪಕ್ಕದಲ್ಲೇ ಜನರೇಟರ್ ಹೊಗೆ ಬಿಡುತ್ತಿದ್ದರೆ, ಡೀಸೆಲ್ ಹೊಗೆಯ ಎಣ್ಣೆ ಆವಿ ನೇರ ಒಳಗೆ ಬರುತ್ತದೆ.

ಹಂತ 3: ಎಣ್ಣೆ ಹುಟ್ಟುವ ಜಾಗ ನೋಡಿ

ಫಿಲ್ಟರ್ ಕೊಳ್ಳುವ ಮುಂಚೆ ಕಂಪ್ರೆಸರ್ ಸರಿ ಇದೆಯಾ ನೋಡಿ. ಅದು ಎಣ್ಣೆ ಕಾರುತ್ತಿದ್ದರೆ ಎಷ್ಟು ಒಳ್ಳೆಯ ಫಿಲ್ಟರ್ ಹಾಕಿದರೂ ಬೇಗ ನೆನೆದು ಸೋಲುತ್ತದೆ.

ಸ್ಕ್ರೂ ಯಂತ್ರದಲ್ಲಿ ಎಣ್ಣೆ ಮತ್ತು ಗಾಳಿಯನ್ನು ಬೇರೆ ಮಾಡುವುದು ಸೆಪರೇಟರ್. ಎಣ್ಣೆ ಜಾಸ್ತಿ ಬರುತ್ತಿದ್ದರೆ ಮೊದಲು ಎಣ್ಣೆಯ ಮಟ್ಟ ನೋಡಿ. ಗುರುತಿಗಿಂತ ಮೇಲೆ ತುಂಬಿದ್ದರೆ ಅದೇ ಕಾರಣ ಇರಬಹುದು. ಆಮೇಲೆ ಸೆಪರೇಟರ್ ತಳದಿಂದ ಎಣ್ಣೆಯನ್ನು ವಾಪಸ್ ಎಳೆಯುವ ಸಣ್ಣ ಪೈಪ್ ನೋಡಿ. ಸ್ಕ್ಯಾವೆಂಜ್ ಲೈನ್ ಅನ್ನುತ್ತಾರೆ. ಅದರ ಸಣ್ಣ ತೂತು ಕಟ್ಟಿಕೊಂಡರೆ ಹೊಸ ಸೆಪರೇಟರ್ ಇದ್ದರೂ ಎಣ್ಣೆ ಲೈನಿಗೆ ಹೋಗುತ್ತದೆ. ಸೆಪರೇಟರ್ ಬದಲಿಸುವ ಮುಂಚೆ ಇದನ್ನು ಬಿಚ್ಚಿ ಊದಿಸಿ. ಸಣ್ಣ ಕೆಲಸ, ದೊಡ್ಡ ಉಳಿತಾಯ. ಮೂರನೆಯದು ಮಿನಿಮಮ್ ಪ್ರೆಷರ್ ವಾಲ್ವ್. ಅದು ಕೆಟ್ಟರೆ ಒಳಗಿನ ಒತ್ತಡ ಇಳಿದು ಗಾಳಿ ಸೆಪರೇಟರ್ ಮೂಲಕ ಜೋರಾಗಿ ನುಗ್ಗುತ್ತದೆ, ಎಣ್ಣೆಯನ್ನೂ ಎಳೆದೊಯ್ಯುತ್ತದೆ.

ಪಿಸ್ಟನ್ ಯಂತ್ರದಲ್ಲಿ ರಿಂಗ್ ಸವೆದರೆ ಎಣ್ಣೆ ಮೇಲೇರುತ್ತದೆ. ಎರಡು ಸರ್ವೀಸ್ ನಡುವೆ ಎಷ್ಟು ಎಣ್ಣೆ ಸುರಿದಿರಿ ಎಂಬುದನ್ನು ಬರೆದಿಡಿ. ಹೊರಗೆ ಸೋರಿಕೆ ಇಲ್ಲದೆ ಎಣ್ಣೆ ಕಡಿಮೆಯಾಗುತ್ತಿದ್ದರೆ ಅದು ಹೋಗಿರುವುದು ಗಾಳಿಯ ಜೊತೆಗೇ.

ಆಹಾರ ಮುಟ್ಟುವ ಗಾಳಿಗೆ ಕಂಪ್ರೆಸರಿನಲ್ಲಿ ಎಚ್1 ದರ್ಜೆಯ, ಅಂದರೆ ಅಕಸ್ಮಾತ್ ಆಹಾರಕ್ಕೆ ತಾಗಬಹುದೆಂದು ಒಪ್ಪಿದ ಎಣ್ಣೆ ಬಳಸುವುದು ಒಳ್ಳೆಯದು. ಆದರೆ ಅದನ್ನು ಹಾಕಿದೆವು, ಇನ್ನು ಫಿಲ್ಟರ್ ಬೇಡ ಅನ್ನಬೇಡಿ. ಎಣ್ಣೆ ಯಾವುದಾದರೂ ಮಿತಿ ಅದೇ.

ಹಂತ 4: ಮೊದಲು ತಣ್ಣಗೆ ಮಾಡಿ

ನಮ್ಮ ಜಿಲ್ಲೆಗಳ ಮಟ್ಟಿಗೆ ಈ ಹಂತದ ಮೇಲೆಯೇ ಉಳಿದದ್ದೆಲ್ಲ ನಿಂತಿದೆ.

ಎಣ್ಣೆ ಹಿಡಿಯುವ ಫಿಲ್ಟರ್ ಎಂದು ನಾವು ಹಾಕುವುದು ಕೋಲೆಸಿಂಗ್ ಫಿಲ್ಟರ್. ಅದರೊಳಗಿನ ನವಿರು ಎಳೆಗಳಿಗೆ ಎಣ್ಣೆಯ ಸಣ್ಣ ಹನಿಗಳು ತಾಗಿ, ಒಂದಕ್ಕೊಂದು ಕೂಡಿ, ದಪ್ಪವಾಗಿ ಕೆಳಗೆ ಇಳಿಯುತ್ತವೆ. ಅದು ಹಿಡಿಯುವುದು ಹನಿಯನ್ನು ಮಾತ್ರ. ಬಾಣಲೆಗೆ ಬಟ್ಟೆ ಅಡ್ಡ ಹಿಡಿದರೆ ಸಿಡಿಯುವ ಎಣ್ಣೆ ನಿಲ್ಲುತ್ತದೆ, ಒಗ್ಗರಣೆಯ ವಾಸನೆ ನಿಲ್ಲುವುದಿಲ್ಲ. ಎಣ್ಣೆಯ ಆವಿಯೂ ಹಾಗೆಯೇ ಈ ಫಿಲ್ಟರನ್ನು ದಾಟಿಬಿಡುತ್ತದೆ.

ಗಾಳಿ ಬಿಸಿಯಾದಷ್ಟೂ ಹೆಚ್ಚು ಎಣ್ಣೆ ಆವಿಯ ರೂಪದಲ್ಲಿರುತ್ತದೆ. ಫಿಲ್ಟರಿನ ಮೇಲೆ 0.01 ಮಿಲಿಗ್ರಾಂ ಎಂದು ಬರೆದಿರುವುದು 20 ಡಿಗ್ರಿ ಆಸುಪಾಸಿನ ಗಾಳಿಗೆ ಹೇಳಿದ ಮಾತು, ಅದೂ ಹನಿಯ ಲೆಕ್ಕ ಮಾತ್ರ. ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ಡಿನ ಒಳಗೆ 45 ಡಿಗ್ರಿ ಇದ್ದರೆ ಏನಾಗುತ್ತದೆ? ಕಂಪ್ರೆಸರ್ ಕೂಲರ್ ಗಾಳಿಯನ್ನು ಸುತ್ತಲಿನ ಉಷ್ಣಕ್ಕಿಂತ ಎಂಟು ಹತ್ತು ಡಿಗ್ರಿ ಮೇಲಿನ ತನಕ ಮಾತ್ರ ತಣಿಸಬಲ್ಲದು. ಹೊರಗೆ ಬರುವ ಗಾಳಿ 55ರ ಹತ್ತಿರ ಇರುತ್ತದೆ. ಆ ಬಿಸಿಯಲ್ಲಿ ಫಿಲ್ಟರ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತದೆ, ಆದರೂ ಆವಿ ಮುಂದೆ ಹೋಗುತ್ತದೆ. ಮುಂದೆ ಪೈಪಿನಲ್ಲಿ ಗಾಳಿ ತಣಿಯುತ್ತದೆ. ಅಲ್ಲಿ ಆವಿ ಮತ್ತೆ ಎಣ್ಣೆಯಾಗಿ ನಾಜಲ್‌ನಲ್ಲಿ ಅಂಟುತ್ತದೆ. "ಹೊಸ ಫಿಲ್ಟರ್ ಹಾಕಿದ್ದೇವೆ, ಆದರೂ ಎಣ್ಣೆ ಬರ್ತಿದೆ" ಎಂಬ ದೂರು ಬೇಸಿಗೆಯಲ್ಲಿ ಜಾಸ್ತಿ ಕೇಳಿಬರುವುದಕ್ಕೆ ಇದೊಂದು ದೊಡ್ಡ ಕಾರಣ.

ಹಾಗಾಗಿ ದುಡ್ಡು ಹಾಕುವ ಮುಂಚೆ ರೂಮ್ ಸರಿ ಮಾಡಿ. ಕೂಲರ್‌ನಿಂದ ಬರುವ ಬಿಸಿಗಾಳಿಯನ್ನು ತಗಡಿನ ಡಕ್ಟ್ ಕಟ್ಟಿಸಿ ಹೊರಗೆ ಬಿಡಿ. ಇಲ್ಲದಿದ್ದರೆ ಯಂತ್ರ ತಾನು ಬಿಟ್ಟ ಬಿಸಿಯನ್ನೇ ಮತ್ತೆ ಎಳೆಯುತ್ತದೆ. ಗಾಳಿ ಒಳಬರುವ ಕಿಟಕಿ ನೆರಳಿನ ಕಡೆ ಇರಲಿ, ಭತ್ತ ಸುರಿಯುವ ಜಾಗದಿಂದ ದೂರ ಇರಲಿ. ಮಿಲ್ಲಿನ ತೌಡಿನ ಧೂಳು ಕೂಲರ್ ಮೇಲೆ ಕೂತು ಎಣ್ಣೆಯ ಜೊತೆ ಸೇರಿ ಗಟ್ಟಿ ಪದರವಾಗುತ್ತದೆ. ಕೂಲರ್ ಎರಡೂ ಕಡೆ ನೋಡಿ, ವಾರಕ್ಕೊಮ್ಮೆ ಊದಿಸಿ. ಸುಗ್ಗಿಯ ದಿನಗಳಲ್ಲಿ ಇನ್ನೂ ಬೇಗ ಬೇಗ ಮಾಡಿ. ಏರ್ ಟ್ಯಾಂಕ್ ಬಿಸಿಲಿನಲ್ಲಿದ್ದರೆ ಮೇಲೊಂದು ಚಪ್ಪರ ಹಾಕಿಸಿ.

ಇಷ್ಟು ಮಾಡಿದ ಮೇಲೂ ಗಾಳಿ 45 ಡಿಗ್ರಿಗಿಂತ ಬಿಸಿ ಇದ್ದರೆ ಡ್ರೈಯರ್ ಮುಂಚೆ ಇನ್ನೊಂದು ಕೂಲರ್ ಹಾಕಿಸಬೇಕಾಗುತ್ತದೆ. ಡ್ರೈಯರ್ ಕೊಳ್ಳುವಾಗ ಅದರ ಸಿಎಫ್‌ಎಂ ಎಷ್ಟು ಡಿಗ್ರಿ ಗಾಳಿಗೆ ಹೇಳಿದ್ದು ಎಂದು ಕೇಳಿ. 35 ಡಿಗ್ರಿಗೆ ಹೇಳಿದ ಡ್ರೈಯರ್ 50 ಡಿಗ್ರಿ ಗಾಳಿಗೆ ಸಾಲುವುದಿಲ್ಲ. ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ.

ಕಂಪ್ರೆಸರ್ ಒಳಗಿನ ಎಣ್ಣೆಯನ್ನು ಮಾತ್ರ ತೀರಾ ತಣ್ಣಗೆ ಮಾಡಲು ಹೋಗಬೇಡಿ. ಅದು 70 ಡಿಗ್ರಿಗಿಂತ ಕೆಳಗೆ ಓಡುತ್ತಿದ್ದರೆ ಗಾಳಿಯ ನೀರು ಎಣ್ಣೆಯಲ್ಲಿ ಕೂತು ಬೇರಿಂಗ್ ಹಾಳಾಗುತ್ತದೆ. ತಣ್ಣಗಾಗಬೇಕಾದದ್ದು ಹೊರಗೆ ಬಂದ ಗಾಳಿ.

ಹಂತ 5: ಫಿಲ್ಟರ್‌ಗಳನ್ನು ಸರಿಯಾದ ಸಾಲಿನಲ್ಲಿ ಜೋಡಿಸಿ

ಸಾಲು ಹೀಗಿರಲಿ: ಕಂಪ್ರೆಸರ್ ಮತ್ತು ಕೂಲರ್, ಏರ್ ಟ್ಯಾಂಕ್, 1 ಮೈಕ್ರಾನ್ ಫಿಲ್ಟರ್, ಫ್ರಿಜ್ ಡ್ರೈಯರ್, 0.01 ಮೈಕ್ರಾನ್ ಫಿಲ್ಟರ್, ಕಾರ್ಬನ್ ಫಿಲ್ಟರ್, ಕೊನೆಗೆ ಸಾರ್ಟೆಕ್ಸ್ ಹತ್ತಿರ ಒಂದು ಸಣ್ಣ ಒಣ ಟ್ಯಾಂಕ್.

ನವಿರು ಫಿಲ್ಟರನ್ನು ಡ್ರೈಯರ್ ಆದ ಮೇಲೆ ಇಡುವುದಕ್ಕೆ ಕಾರಣ ಇದೆ. ಡ್ರೈಯರ್ ಒಳಗೆ ಗಾಳಿ ತಣ್ಣಗಾದಾಗ ಸ್ವಲ್ಪ ಆವಿ ಹನಿಯಾಗುತ್ತದೆ. ಹನಿಯಾದರೆ ಫಿಲ್ಟರ್ ಹಿಡಿಯುತ್ತದೆ. ಉಳಿದ ಆವಿಗೆ ಕಾರ್ಬನ್. ಹರಳಿನ ಡ್ರೈಯರ್ ಇದ್ದವರು ಮಾತ್ರ ನವಿರು ಫಿಲ್ಟರನ್ನು ಅದರ ಮುಂಚೆ ಇಡಬೇಕು. ಎಣ್ಣೆ ಕುಡಿದ ಹರಳು ಆಮೇಲೆ ತೇವ ಹೀರುವುದಿಲ್ಲ.

1 ಮೈಕ್ರಾನ್ ಫಿಲ್ಟರ್ ಎಣ್ಣೆಯನ್ನು ಸಾಮಾನ್ಯವಾಗಿ 0.5 ಮಿಲಿಗ್ರಾಂ ಆಸುಪಾಸಿಗೆ ಇಳಿಸುತ್ತದೆ. 0.01 ಮೈಕ್ರಾನ್ ಫಿಲ್ಟರ್ ಹನಿಯನ್ನು 0.01 ಮಿಲಿಗ್ರಾಂಗೆ ಇಳಿಸುತ್ತದೆ. ಮೈಕ್ರಾನ್ ಮತ್ತು ಮಿಲಿಗ್ರಾಂ ಎರಡರಲ್ಲೂ 0.01 ಎಂದು ಇರುವುದರಿಂದ ಗೊಂದಲ ಆಗಬಹುದು. ಅವೆರಡೂ ಬೇರೆ ಬೇರೆ ಅಳತೆ: ಮೈಕ್ರಾನ್ ಕಣದ ಗಾತ್ರಕ್ಕೆ, ಮಿಲಿಗ್ರಾಂ ಗಾಳಿಯಲ್ಲಿ ಉಳಿಯುವ ಎಣ್ಣೆಯ ತೂಕಕ್ಕೆ. ಬಿಲ್ಲಿನಲ್ಲಿ ಮಿಲಿಗ್ರಾಂ ನಂಬರ್ ಬರೆಸಿಕೊಳ್ಳಿ. ಫಿಲ್ಟರ್‌ಗಳನ್ನು ಪರೀಕ್ಷಿಸಲು ಐಎಸ್‌ಒ 12500-1 ಎಂಬ ಬೇರೆ ಮಾನದಂಡ ಇದೆ. ಅದರಲ್ಲಿ ಒಳಗೆ ಬಿಡುವ ಗಾಳಿಯಲ್ಲಿ ಘನ ಮೀಟರಿಗೆ 10 ಅಥವಾ 40 ಮಿಲಿಗ್ರಾಂ ಎಣ್ಣೆ ಬೆರೆಸಿರುತ್ತಾರೆ. ನಿಮಗೆ ಮಾರುವ ಫಿಲ್ಟರ್ ಯಾವುದಕ್ಕೆ ಪಾಸಾಗಿದೆ ಎಂದು ಕೇಳಿ.

ಕೂರಿಸುವಾಗ ಬಾಣದ ಗುರುತು ನೋಡಿ. ಎಣ್ಣೆ ಫಿಲ್ಟರಿನಲ್ಲಿ ಗಾಳಿ ಎಲಿಮೆಂಟಿನ ಒಳಗಿನಿಂದ ಹೊರಗೆ ಹರಿಯಬೇಕು. ತಿರುಗಿಸಿ ಹಾಕಿದರೆ ಹಿಡಿದ ಎಣ್ಣೆ ಮತ್ತೆ ಗಾಳಿಗೆ ಸೇರುತ್ತದೆ. ಫಿಲ್ಟರ್ ನೆಟ್ಟಗೆ ನಿಂತಿರಲಿ, ಕೆಳಗೆ ಎಲಿಮೆಂಟ್ ತೆಗೆಯುವಷ್ಟು ಜಾಗ ಇರಲಿ. ಸಿಎಫ್‌ಎಂ ಲೆಕ್ಕವನ್ನು 7 ಬಾರ್‌ಗೆ ಹೇಳಿರುತ್ತಾರೆ. ನೀವು 5 ಬಾರ್‌ನಲ್ಲಿ ಓಡಿಸಿದರೆ ಅದರ ಶಕ್ತಿ ಸುಮಾರು ಮುಕ್ಕಾಲು ಭಾಗಕ್ಕೆ ಇಳಿಯುತ್ತದೆ. ಸಾರ್ಟೆಕ್ಸ್ ಹತ್ತಿರದ ಒಣ ಟ್ಯಾಂಕ್ ಬೇಕಾಗಿರುವುದೂ ಇದಕ್ಕೇ. ನಾಜಲ್‌ಗಳು ಒಟ್ಟಿಗೆ ತೆರೆದಾಗ ಗಾಳಿ ಫಿಲ್ಟರ್ ಮೂಲಕ ರಭಸದಿಂದ ಎಳೆದುಕೊಂಡು ಬರುವುದನ್ನು ಅದು ತಡೆಯುತ್ತದೆ.

ಎಲಿಮೆಂಟ್ ಬದಲಿಸುವುದು ಯಾವಾಗ? ಎಣ್ಣೆ ಫಿಲ್ಟರಿಗೆ ವರ್ಷಕ್ಕೊಮ್ಮೆ, ಅಥವಾ ಎರಡೂ ಕಡೆಯ ಒತ್ತಡದ ವ್ಯತ್ಯಾಸ 0.4 ಬಾರ್ ಹತ್ತಿರ ಬಂದಾಗ. ಯಾವುದು ಮೊದಲೋ ಅದು. ಕಟ್ಟಿಕೊಂಡ ಫಿಲ್ಟರಿಗಾಗಿ ಕಂಪ್ರೆಸರ್ ಒತ್ತಡವನ್ನು 1 ಬಾರ್ ಏರಿಸಿದರೆ ಕರೆಂಟ್ ಶೇಕಡಾ 6ರಿಂದ 7 ಜಾಸ್ತಿ ಎಳೆಯುತ್ತದೆ. ಎಲಿಮೆಂಟ್ ಉಳಿಸಲು ಹೋಗಿ ಕರೆಂಟ್ ಬಿಲ್ ಕಟ್ಟಬೇಡಿ.

ಕಾರ್ಬನ್‌ಗೆ ಮಾತ್ರ ಗೇಜ್ ನಂಬಬೇಡಿ. ಅದು ಆವಿ ಹೀರಿ ತುಂಬಿದರೂ ಒತ್ತಡ ಇಳಿಯುವುದಿಲ್ಲ, ಮುಳ್ಳು ಅಲ್ಲಾಡುವುದಿಲ್ಲ. ಗಂಟೆಯ ಲೆಕ್ಕದಲ್ಲೇ ಬದಲಿಸಬೇಕು. ತಯಾರಕರು ಕೊಟ್ಟ ಗಂಟೆ ತಂಪು ಗಾಳಿಗೆ ಹೇಳಿದ್ದು. ಬಿಸಿ ಗಾಳಿಯಲ್ಲಿ ಅದರ ಆಯಸ್ಸು ಬಹಳ ಕಡಿಮೆ. ಒದ್ದೆ ಗಾಳಿ ಅಥವಾ ಎಣ್ಣೆ ಹನಿ ಬಿದ್ದರಂತೂ ಬೇಗನೇ ಮುಗಿಯುತ್ತದೆ. ಬೇಸಿಗೆ ಶುರುವಾಗುವ ಮುಂಚೆ ಹೊಸ ಕಾರ್ಬನ್ ಹಾಕುವುದು ನಮ್ಮ ಕಡೆಗೆ ಒಳ್ಳೆಯ ರೂಢಿ.

ಹಂತ 6: ಪೈಪು ಮತ್ತು ಎಫ್‌ಆರ್‌ಎಲ್ ನೋಡಿ

ವರ್ಷಗಟ್ಟಲೆ ಎಣ್ಣೆ ಕುಡಿದ ಜಿಐ ಪೈಪ್ ಹೊಸ ಫಿಲ್ಟರ್ ಹಾಕಿದ ದಿನವೇ ಶುದ್ಧ ಆಗುವುದಿಲ್ಲ. ಒಳಗೋಡೆಯ ಎಣ್ಣೆ ತಿಂಗಳುಗಟ್ಟಲೆ ಬಿಡುತ್ತಲೇ ಇರುತ್ತದೆ. ಕಂಪ್ರೆಸರ್ ರೂಮಿನಲ್ಲಿ ಫಿಲ್ಟರ್ ಹಾಕಿಸಿ, ನೂರು ಅಡಿ ಹಳೆ ಪೈಪ್ ಆದ ಮೇಲೆ ಸಾರ್ಟೆಕ್ಸ್ ಇದ್ದರೆ ಫಲ ಸಿಗದು. ಅದಕ್ಕೇ ಕೊನೆಯ ಎರಡು ಫಿಲ್ಟರ್ ಯಂತ್ರದ ಪಕ್ಕದಲ್ಲಿರಲಿ ಎಂದದ್ದು. ಅಲ್ಲಿಂದ ಮುಂದಿನ ಪೈಪ್ ಅಲ್ಯುಮಿನಿಯಂ ಅಥವಾ ಸ್ಟೇನ್‌ಲೆಸ್ ಇದ್ದರೆ ಒಳ್ಳೆಯದು. ನೀರಿನ ಪಿವಿಸಿ ಪೈಪನ್ನು ಗಾಳಿಗೆ ಎಂದೂ ಬಳಸಬೇಡಿ. ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ.

ಇನ್ನು ಎಫ್‌ಆರ್‌ಎಲ್. ಎಫ್ ಎಂದರೆ ಫಿಲ್ಟರ್, ಆರ್ ಎಂದರೆ ಒತ್ತಡ ಹದ ಮಾಡುವ ರೆಗ್ಯುಲೇಟರ್. ಕೊನೆಯ ಎಲ್ ಎಂದರೆ ಲೂಬ್ರಿಕೇಟರ್. ಗಾಳಿಗೆ ಬೇಕೆಂದೇ ಎಣ್ಣೆ ಬೆರೆಸುವ ಬಟ್ಟಲು ಅದು. ಗ್ರೈಂಡರ್, ಇಂಪ್ಯಾಕ್ಟ್ ಗನ್ನಿಗೆ ಬೇಕು. ಸಾರ್ಟೆಕ್ಸ್, ಪೇಂಟ್ ಗನ್ ಲೈನಿನಲ್ಲಿ ಅದು ಇದ್ದರೆ ಹಿಂದಿನ ಎಲ್ಲ ಫಿಲ್ಟರ್ ದಂಡ. ಅಂಗಡಿಯಲ್ಲಿ ಮೂರೂ ಸೇರಿದ ಸೆಟ್ಟನ್ನೇ ಕೊಡುತ್ತಾರೆ, ಫಿಟ್ಟರ್ ಹಾಗೇ ಹಾಕುತ್ತಾನೆ. ನಿಮ್ಮ ಲೈನಿನಲ್ಲಿ ಇದೆಯಾ ಎಂದು ಇವತ್ತೇ ಹೋಗಿ ನೋಡಿ. ಇದ್ದರೆ ತೆಗೆಸಿಬಿಡಿ. ಬರೀ ಎಣ್ಣೆ ಖಾಲಿ ಮಾಡಿ ಬಿಟ್ಟರೆ ಸಾಲದು. ಮುಂದೆ ಯಾರಾದರೂ ಮತ್ತೆ ತುಂಬುತ್ತಾರೆ.

ಪೇಂಟ್ ಬೂತಿನವರಿಗೆ ಒಂದು ಮಾತು. ಗುಳಿ ಬೀಳಲು ಸಿಲಿಕೋನ್ ಕೂಡ ಕಾರಣ ಇರಬಹುದು. ಪಾಲಿಶ್, ಸ್ಪ್ರೇ, ಕೆಲವು ಗ್ರೀಸ್‌ಗಳಲ್ಲಿ ಅದು ಇರುತ್ತದೆ. ಎಣ್ಣೆಯ ಕ್ಲಾಸ್ ಸರಿ ಇದ್ದೂ ಗುಳಿ ಬಿದ್ದರೆ ಅಲ್ಲಿ ಹುಡುಕಿ.

ಹಂತ 7: ಅಳೆದು ನೋಡಿ

ಮೊದಲ ಪರೀಕ್ಷೆ ನೀವೇ ಮಾಡಬಹುದು. ಅಮೆರಿಕದ ಮಾನದಂಡ ಸಂಸ್ಥೆ ಎಎಸ್‌ಟಿಎಂನ ಡಿ4285 ಎಂಬ ವಿಧಾನ ಇದೇ. ಒಂದು ಬಿಳಿ ಒತ್ತುಕಾಗದ ಅಥವಾ ಬಿಳಿ ಹತ್ತಿ ಬಟ್ಟೆಯನ್ನು ಗಟ್ಟಿ ಹಲಗೆಗೆ ಬಿಗಿಯಿರಿ. ಯಂತ್ರಕ್ಕೆ ಹೋಗುವ ತುದಿಯ ಪೈಪ್ ಬಿಚ್ಚಿ, ವಾಲ್ವ್ ನಿಧಾನಕ್ಕೆ ತೆರೆಯಿರಿ. ಗಾಳಿಯ ನಡುವೆ, ತುದಿಯಿಂದ 60 ಸೆಂಟಿಮೀಟರ್ ಒಳಗೆ, ಕನಿಷ್ಠ ಒಂದು ನಿಮಿಷ ಹಿಡಿಯಿರಿ. ಕನ್ನಡಕ ಹಾಕಿಕೊಳ್ಳಿ, ಮೈಮೇಲೆ ಗಾಳಿ ಬಿಟ್ಟುಕೊಳ್ಳಬೇಡಿ. ಹಳದಿ ಕಲೆ, ಜಿಡ್ಡು, ಒದ್ದೆ ಕಂಡರೆ ಗಾಳಿ ಫೇಲ್. ನೀರಿನ ಕಲೆ ಆರಿಹೋಗುತ್ತದೆ, ಎಣ್ಣೆಯದು ಉಳಿಯುತ್ತದೆ. ತಿಂಗಳಿಗೊಮ್ಮೆ ಮಾಡಿ. ಬಟ್ಟೆಯ ಮೂಲೆಯಲ್ಲಿ ತಾರೀಕು ಬರೆದು ಇಟ್ಟುಕೊಳ್ಳಿ. ಬಿಳಿಯಾಗಿ ಉಳಿದರೆ ದೊಡ್ಡ ದೋಷ ಇಲ್ಲ ಎಂದಷ್ಟೇ ಅರ್ಥ. ಆವಿ ಬಟ್ಟೆಗೆ ಕಾಣುವುದಿಲ್ಲ. ಬಟ್ಟೆ ಬಿಳಿ ಇದೆ ಎಂದು ಕ್ಲಾಸ್ 1 ಬೋರ್ಡ್ ಹಾಕಬೇಡಿ.

ನಂಬರ್ ಬೇಕಾದರೆ ಲ್ಯಾಬಿನವರನ್ನು ಕರೆಸಿ. ಲ್ಯಾಬುಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಮಂಡಳಿಯ ಮಾನ್ಯತೆ ಇದೆಯಾ, ಈ ಪರೀಕ್ಷೆಗೇ ಇದೆಯಾ ಕೇಳಿ. ಹನಿಗೆ ಐಎಸ್‌ಒ 8573-2, ಆವಿಗೆ 8573-5, ಎರಡನ್ನೂ ಮಾಡಿಸಿ. ಹನಿಯನ್ನು ಮಾತ್ರ ಅಳೆದು ಕ್ಲಾಸ್ 1 ಎಂದು ಕೊಟ್ಟ ಕಾಗದ ಅರ್ಧ ಕಾಗದ. ಮಾದರಿ ತೆಗೆಯುವುದು ಸಾರ್ಟೆಕ್ಸ್ ಬಾಯಲ್ಲಿ, ಕಂಪ್ರೆಸರ್ ರೂಮಿನಲ್ಲಲ್ಲ. ಸಮಯ ಏಪ್ರಿಲ್ ಅಥವಾ ಮೇ ತಿಂಗಳ ಮಧ್ಯಾಹ್ನ, ಯಂತ್ರ ಪೂರ್ತಿ ಲೋಡಿನಲ್ಲಿರುವಾಗ. ಡಿಸೆಂಬರ್ ಬೆಳಿಗ್ಗೆ ಪಾಸಾದ ಗಾಳಿ ಬೇಸಿಗೆಯಲ್ಲಿ ಪಾಸಾಗುತ್ತದೆ ಎನ್ನಲು ಬರುವುದಿಲ್ಲ.

ಉಸಿರಾಡುವ ಗಾಳಿ: ಇಲ್ಲಿ ಸ್ವಂತ ಪ್ರಯೋಗ ಬೇಡ

ಸ್ಯಾಂಡ್ ಬ್ಲಾಸ್ಟಿಂಗ್ ಮಾಡುವವರ ಮುಖವಾಡಕ್ಕೆ ಸಾದಾ ಕಂಪ್ರೆಸರ್ ಲೈನನ್ನೇ ಕೊಡುವುದುಂಟು. ಇದು ಜೀವದ ಪ್ರಶ್ನೆ. ಎಣ್ಣೆ ಅತಿಯಾಗಿ ಕಾದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಮೇಲೆ ಹೇಳಿದ ಯಾವ ಫಿಲ್ಟರೂ ಅದನ್ನು ಹಿಡಿಯುವುದಿಲ್ಲ. ಉಸಿರಾಟದ ಗಾಳಿಗೆ ಯುರೋಪಿನ ಇಎನ್ 12021 ಇದೆ. ಎಣ್ಣೆ ಘನ ಮೀಟರಿಗೆ 0.5 ಮಿಲಿಗ್ರಾಂ ಮೀರಬಾರದು, ಕಾರ್ಬನ್ ಮೊನಾಕ್ಸೈಡ್ 5 ಪಿಪಿಎಂ, ಕಾರ್ಬನ್ ಡೈಆಕ್ಸೈಡ್ 500 ಪಿಪಿಎಂ ಮೀರಬಾರದು. ಆಸ್ಪತ್ರೆಯ ಗಾಳಿಗೆ ಯುರೋಪಿನ ಔಷಧ ಸಂಹಿತೆಯ ಮಿತಿ ಇನ್ನೂ ಬಿಗಿ, ಎಣ್ಣೆ 0.1 ಮಿಲಿಗ್ರಾಂ. ಇಂಥ ಕೆಲಸಕ್ಕೆ ಅದಕ್ಕೆಂದೇ ಮಾಡಿದ ಶುದ್ಧಿ ಘಟಕ, ಮೊನಾಕ್ಸೈಡ್ ಅಲಾರಂ ಎರಡೂ ಬೇಕೇ ಬೇಕು.

ಹಂತ 8: ಡ್ರೈನ್ ನೀರನ್ನು ಚರಂಡಿಗೆ ಬಿಡಬೇಡಿ

ಮಳೆಗಾಲದಲ್ಲಿ 35 ಸಿಎಫ್‌ಎಂ ಯಂತ್ರವೊಂದೇ 8 ಗಂಟೆಯಲ್ಲಿ ಐದಾರು ಲೀಟರ್ ನೀರನ್ನು ಕೂಲರ್ ಮತ್ತು ಟ್ಯಾಂಕಿನಲ್ಲೇ ಇಳಿಸಬಹುದು. ಡ್ರೈಯರ್‌ನಿಂದ ಇಳಿಯುವುದು ಬೇರೆ. ಹಾಲಿನ ಬಣ್ಣದ ಆ ನೀರಿನಲ್ಲಿ ಎಣ್ಣೆ ಇರುತ್ತದೆ. ಟ್ಯಾಂಕ್ ಮತ್ತು ಫಿಲ್ಟರ್‌ಗಳ ಆಟೋ ಡ್ರೈನ್ ಕೆಲಸ ಮಾಡುತ್ತಿದೆಯಾ ಎಂದು ದಿನಾ ಬೆಳಿಗ್ಗೆ ಬಟನ್ ಒತ್ತಿ ನೋಡಿ. ಅದು ಕಟ್ಟಿಕೊಂಡರೆ ಹಿಡಿದ ಎಣ್ಣೆ, ನೀರು ಎಲ್ಲ ಮತ್ತೆ ಲೈನಿಗೆ ನುಗ್ಗುತ್ತದೆ.

ಎಲ್ಲ ಡ್ರೈನ್ ಪೈಪನ್ನೂ ಒಂದು ಎಣ್ಣೆ–ನೀರು ಬೇರ್ಪಡಿಸುವ ಡಬ್ಬಕ್ಕೆ ಸೇರಿಸಿ. ಬೇರೆಯಾದ ಎಣ್ಣೆಯನ್ನೂ ಸರ್ವೀಸಿನಲ್ಲಿ ಬಂದ ಹಳೆ ಎಣ್ಣೆಯನ್ನೂ ಮುಚ್ಚಳ ಇರುವ ಡ್ರಮ್ಮಿನಲ್ಲಿ ಕೂಡಿಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಅನುಮತಿ ಇರುವವರಿಗೇ ಕೊಡಬೇಕು, ರಸೀದಿ ಇಟ್ಟುಕೊಳ್ಳಬೇಕು. ಎಷ್ಟು ಲೀಟರ್ ಕೊಟ್ಟಿರಿ ಎಂಬುದನ್ನು ಕಂಪ್ರೆಸರಿಗೆ ಎಣ್ಣೆ ಸುರಿದ ಲೆಕ್ಕದ ಪಕ್ಕದಲ್ಲೇ ಬರೆಯಿರಿ. ಎರಡಕ್ಕೂ ಇರುವ ಅಂತರ ಹೆಚ್ಚುತ್ತಾ ಹೋದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ, ಸ್ಕ್ಯಾವೆಂಜ್ ಲೈನ್‌ನಿಂದ ಮತ್ತೆ ಶುರು ಮಾಡಿ.